ಹೋಳಿಗೆ ಹರಿಯಿತು, ಯಂತ್ರ ಬಿಚ್ಚಿದೆ

ಎತ್ತುಗಳ ಹಬ್ಬವಾದ ಕಾರ ಹುಣ್ಣಿಮೆಗೆ ಇನ್ನೂ ಮೂರು ವಾರ ಇತ್ತು. ಅಟ್ಟದ ಮೇಲಿನ ಗಂಟು ಇಳಿಸು ಅಂತ ಅವ್ವ ಹೇಳಿದಳು. ಹರಿದ ಸೊಲ್ಲಾಪುರ ಚಾದರಿನಲ್ಲಿ ಸುತ್ತಿಟ್ಟ ಹಿತ್ತಾಳೆಯ ಪುರಣ ಯಂತ್ರ. ಎರಡು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಅವ್ವನಿಗೆ ಮೊಣಕೈ ನೋವು ಶುರುವಾದ ಮೇಲೆ ಹೂರಣವನ್ನು ಮಿಕ್ಸರಿಗೆ ಹಾಕುತ್ತಿದ್ದೆವು. ಆಗಿನಿಂದ ನಮ್ಮ ಮನೆಯ ಹೋಳಿಗೆ ಹರಿಯುತ್ತಿದೆ.

ಹರಿಯುವುದು ಅಂದರೆ ಒಂದೋ ಎರಡೋ ಅಲ್ಲ. ಯುಗಾದಿಗೆ 20 ಮಾಡಿದೆವು, 13ಕ್ಕೆ ತೂತು. ಹೂರಣ ಹಂಚಿಗೆ ಇಳಿದು ಬೆಲ್ಲ ಕರಕಾಗುತ್ತದೆ. ಆ ಕರಕಿಗೆ ಮುಂದಿನ ಹೋಳಿಗೆ ಅಂಟುತ್ತದೆ. ಅದನ್ನು ಎಬ್ಬಿಸಲು ಹೋದರೆ ಅದೂ ಹರಿಯುತ್ತದೆ. ತಪ್ಪು ಯಾರದು ಅಂತ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಗಿರಣಿಯಿಂದ ತಂದ ಹಿಟ್ಟು ಸರಿಯಿಲ್ಲ ಅಂತ ನನ್ನ ಹೆಂಡತಿ. ಲಟ್ಟಿಸುವ ಕೈ ಸರಿಯಿಲ್ಲ ಅಂತ ಚಿಗವ್ವ. ಲಟ್ಟಿಸಿದ್ದು ನಾನು. ಅವ್ವ ಒಮ್ಮೆ ಮಿಕ್ಸರ್ ಕಡೆ ನೋಡಿ ಸುಮ್ಮನಾದಳು.

ನಾನಿರುವುದು ಮಹಾರಾಷ್ಟ್ರದ ಅಕ್ಕಲಕೋಟೆಯಲ್ಲಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ನಮಗೆ ಹೋಳಿಗೆ, ಪಕ್ಕದ ಮನೆಯವರಿಗೆ ಪುರಣ ಪೋಳಿ. ಯಂತ್ರಕ್ಕೆ ಮಾತ್ರ ಮರಾಠಿ ಹೆಸರೇ ನಮ್ಮ ಬಾಯಲ್ಲೂ ಉಳಿದಿದೆ. ಬೋರ್‌ವೆಲ್ ಪಂಪಿನ ಮೋಟರ್ ರಿವೈಂಡಿಂಗ್ ನನ್ನ ಹೊಟ್ಟೆಪಾಡು. ಹಾಗಾಗಿ ಏನೇ ಕೆಟ್ಟರೂ ಮೊದಲು ಬಿಚ್ಚಿ ನೋಡುವ ಚಟ. ಹೋಳಿಗೆಯನ್ನು ಬಿಚ್ಚಲು ಆಗುವುದಿಲ್ಲ, ಯಂತ್ರವನ್ನು ಬಿಚ್ಚಬಹುದು ಅಲ್ವಾ?

ನೋಡದವರಿಗಾಗಿ ಹೇಳುತ್ತೇನೆ. ಪುರಣ ಯಂತ್ರ ಅಂದರೆ ಮೂರು ಕಾಲಿನ ಮೇಲೆ ನಿಂತ ಒಂದು ಅಗಲ ಬೋಗುಣಿ. ತಳದಲ್ಲಿ ತೂತುಗಳ ಜಾಳಿಗೆ. ನಡುವೆ ಒಂದು ದಂಡ, ಮೇಲೆ ತಿರುಗಿಸಲು ಹಿಡಿಕೆ, ಕೆಳಗೆ ಓರೆಯಾಗಿ ಕೂತ ಒಂದು ಪಟ್ಟಿ. ಬೆಂದ ಬೇಳೆ ಬೆಲ್ಲವನ್ನು ಬೋಗುಣಿಗೆ ಹಾಕಿ ತಿರುಗಿಸಿದರೆ ಆ ಓರೆ ಪಟ್ಟಿ ಬೇಳೆಯನ್ನು ಜಾಳಿಗೆಗೆ ಒತ್ತುತ್ತದೆ. ಕೆಳಗೆ ಶ್ಯಾವಿಗೆಯ ಹಾಗೆ ಹೂರಣ ಇಳಿಯುತ್ತದೆ. ಬೇಯದ ಕಾಳು, ಸಿಪ್ಪೆ, ಬೆಲ್ಲದ ಕಸ ಮೇಲೆಯೇ ಉಳಿಯುತ್ತವೆ. ಮಿಕ್ಸರಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಮಿಕ್ಸರ್ ಬೆಂದದ್ದು ಬೇಯದ್ದು ಎರಡನ್ನೂ ಕೂಡಿಸಿ ತಿರುವಿಬಿಡುತ್ತದೆ. ಮೇಲಾಗಿ ಗಟ್ಟಿ ಹೂರಣಕ್ಕೆ ಅದು ತಿರುಗುವುದೇ ಇಲ್ಲ. ಒಂದು ಚಮಚ ನೀರು, ಇನ್ನೊಂದು ಚಮಚ ನೀರು ಅಂತ ಹಾಕುತ್ತಾ ಹೋಗುತ್ತೇವೆ. ಅಲ್ಲಿಗೆ ಹೂರಣ ಸಡಿಲಾಯಿತು ಅಂತ ಲೆಕ್ಕ.

ಗಂಟು ಬಿಚ್ಚಿದಾಗ ಯಂತ್ರ ಹಸಿರು ಕಿಲುಬು ಹಿಡಿದಿತ್ತು. ಒಳಗಿನ ತವರದ ಕಲಾಯಿ ಯಾವಾಗಲೋ ಸವೆದುಹೋಗಿದೆ. ಹುಣಸೆಹಣ್ಣು, ಉಪ್ಪು, ತೆಂಗಿನ ನಾರು ಹಿಡಿದು ಅರ್ಧ ತಾಸು ತಿಕ್ಕಿದೆ. ಆಮೇಲೆ ಕೆಳಗಿನ ಕಿವಿಯ ನಟ್ ತೆಗೆದೆ. ದಂಡದ ಕೆಳಗೆ ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ಸುತಳಿ! ಬಿಗಿಯಾಗಿ ಹತ್ತು ಸುತ್ತು ಸುತ್ತಿದ ಸುತಳಿ, ಎಣ್ಣೆ ಜಿಡ್ಡು ಕುಡಿದು ಕಪ್ಪಾಗಿದೆ.

"ಅವ್ವಾ, ಇದೇನಿದು?"

"ಸ್ಪ್ರಿಂಗ್ ಮುರದಿತ್ತು. ನಿಮ್ಮಪ್ಪ ಸುತ್ತಿ ಕೊಟ್ಟಿದ್ದ. ಹದಿನೈದು ವರ್ಸ ನಡದೈತಿ."

ಅಪ್ಪನ ರಿಪೇರಿಗೆ ಹೆಸರಿಡುವ ಧೈರ್ಯ ನನಗಿಲ್ಲ. ಆದರೂ ಸುತಳಿ ಸವೆದು ಪಟ್ಟಿ ಜಾಳಿಗೆಯಿಂದ ಮೇಲೆದ್ದಿತ್ತು. ಪೋಸ್ಟ್ ಕಾರ್ಡನ್ನು ಎರಡು ಮಡಿಕೆ ಮಾಡಿ ನಡುವೆ ತೂರಿಸಿದೆ, ಸಲೀಸಾಗಿ ಹೋಯಿತು. ಹೀಗಿದ್ದರೆ ಬೇಳೆ ಕೆಳಗೆ ಇಳಿಯುವ ಬದಲು ಪಟ್ಟಿಯ ಜೊತೆ ಸುಮ್ನೆ ಸುತ್ತುತ್ತದೆ. ಅವ್ವ ಅಷ್ಟು ವರ್ಷ ಮೊಣಕೈ ನೋಯುವಷ್ಟು ಒತ್ತಿ ಒತ್ತಿ ತಿರುಗಿಸಿದ್ದು ಇದಕ್ಕೇ ಅಂತ ಆಗ ಹೊಳೆಯಿತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಪೇಟೆಗೆ ಹೋಗಿ ಸ್ಪ್ರಿಂಗ್ ಹುಡುಕಿದೆ. ಒಂದು ಅಂಗಡಿಯವರು ಕೊಟ್ಟ ನಟ್‌ಗೆ ಆಟೆ, ಅಂದರೆ ತಿರುಪಿನ ಗೆರೆ, ಕೂಡಲಿಲ್ಲ. ಹಳೆಯ ದಂಡದ ಆಟೆ ಈಗಿನ ಮಿಲಿಮೀಟರ್ ಲೆಕ್ಕದ್ದಲ್ಲ, ಇಂಚಿನದು. ವಾಪಸ್ ಬಂದು ನನ್ನ ಗುಜರಿ ಡಬ್ಬಿ ಕೆದಕಿದೆ. ಸರಿಯಾದ ದಪ್ಪದ ಸ್ಟೀಲ್ ಸ್ಪ್ರಿಂಗ್ ಅದರಲ್ಲೇ ಸಿಕ್ಕಿತು. ನಟ್ ಹಳೆಯದೇ ಇರಲಿ ಅಂತ ಬಿಟ್ಟೆ. ಮೇಲೆ ಎರಡು ಸ್ಟೀಲ್ ವಾಯ್ಸರ್. ವಾಶರ್ ಅಂದರೆ ನಮ್ಮ ಪೇಟೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಈಗ ಪಟ್ಟಿ ಜಾಳಿಗೆಗೆ ತಾಗಿ ಕೂತಿತು, ಕರ್ ಅಂತ ಸದ್ದು ಬಂತು. ಎರಡು ಬಟಾಟೆ ಕುದಿಸಿ ಹಾಕಿ ತಿರುಗಿಸಿದೆ. ಬೆಣ್ಣೆಯ ಹಾಗೆ ಇಳಿಯಿತು. ಕಲಾಯಿ ಇಲ್ಲದ ಹಿತ್ತಾಳೆಯಿಂದ ಇಳಿದ ಬಟಾಟೆ ತಿನ್ನಲು ಮನಸ್ಸಾಗದೆ ಚೆಲ್ಲಿದೆ. ಕೆಲಸ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಬಟಾಟೆ ನನಗೆ ಮೋಸ ಮಾಡಿತ್ತು, ಅದು ಮುಂದೆ ಬರುತ್ತದೆ.

ಕಲಾಯಿ ಮಾಡಿಸಲು ಸೊಲ್ಲಾಪುರಕ್ಕೆ ಹೋದೆ, ಇಲ್ಲಿಂದ ಸುಮಾರು 40 ಕಿಲೋಮೀಟರ್. ಮೊದಲು ಓಣಿ ಓಣಿಗೆ ಕಲಾಯಿಯವರು ಬರುತ್ತಿದ್ದರು, ಈಗ ಹುಡುಕಿಕೊಂಡು ಹೋಗಬೇಕು. ನಿಂತು ನೋಡುವ ಕೆಲಸ ಅದು. ಇದ್ದಿಲ ಒಲೆಗೆ ತಿದಿ ಒತ್ತುತ್ತಾ ಪಾತ್ರೆ ಕಾಯಿಸುತ್ತಾರೆ. ಕಾದ ಮೇಲೆ ನವಸಾಗರದ ಪುಡಿ ಎರಚುತ್ತಾರೆ, ಬೆಳ್ಳನೆಯ ಹೊಗೆ ಏಳುತ್ತದೆ, ಮೂಗು ಚುರುಗುಟ್ಟುತ್ತದೆ. ಆ ಪುಡಿ ಲೋಹದ ಮೇಲಿನ ಕಿಲುಬಿನ ಪದರ ತೆಗೆಯುತ್ತದೆ. ತಕ್ಷಣ ತವರದ ಕಡ್ಡಿ ತಾಗಿಸುತ್ತಾರೆ. ತವರ 232 ಡಿಗ್ರಿಗೆ ಕರಗುತ್ತದೆ, ಹಾಗಾಗಿ ಹಿತ್ತಾಳೆಗೆ ಏನೂ ಆಗುವುದಿಲ್ಲ. ಕರಗಿದ ತವರವನ್ನು ಹತ್ತಿಯಿಂದ ಒರೆಸುತ್ತಿದ್ದ ಹಾಗೆ ಹಳದಿ ಪಾತ್ರೆ ಬೆಳ್ಳಿಯಾಗುತ್ತದೆ. ನೋಡಿ ನೋಡಿ ಬೇಜಾರಾಗುವುದಿಲ್ಲ.

ಮನೆಗೆ ತಂದು ಬೆಳಕಿಗೆ ಹಿಡಿದೆ. ಜಾಳಿಗೆಯ ಒಂದು ಮೂಲೆಯಲ್ಲಿ ಮೂವತ್ತು ತೂತುಗಳಾದರೂ ತವರದಿಂದ ಮುಚ್ಚಿಹೋಗಿದ್ದವು. ಮತ್ತೆ 40 ಕಿಲೋಮೀಟರ್ ಯಾರು ಹೋಗುತ್ತಾರೆ? ತವರ ಮೆತ್ತಗಿನ ಲೋಹ. ಚೀಲ ಹೊಲಿಯುವ ದಬ್ಬಣದಿಂದ ಒಂದೊಂದೇ ಚುಚ್ಚಿದೆ, ಸುಲಭವಾಗಿ ಬಿಟ್ಟುಕೊಂಡವು. ಮಗಳಿಗೆ ಈ ಕೆಲಸ ಬಹಳ ಇಷ್ಟವಾಯಿತು. ಇಪ್ಪತ್ತು ತೂತು ಅವಳೇ ಬಿಡಿಸಿದಳು.

ಈಗ ಬೇಳೆಯ ಪಾಳಿ. ಮೊದಲ ಪ್ರಯೋಗಕ್ಕೆ 250 ಗ್ರಾಂ ಕಡಲೆಬೇಳೆ ತೆಗೆದುಕೊಂಡೆ. ಕುಕ್ಕರಿಗೆ ಹಾಕಿ ನಾಲ್ಕು ಸೀಟಿ ಹೊಡೆಸಿದೆ. ಅವ್ವ ಕುರ್ಚಿಯ ಮೇಲೆ ಕೂತೇ ಒಂದು ಕಾಳು ಕೇಳಿ ತೆಗೆದುಕೊಂಡು ಹಿಚುಕಿದಳು.

"ಕುದ್ದಾವು. ಬೆಂದಿಲ್ಲ."

ಎರಡಕ್ಕೂ ಏನು ವ್ಯತ್ಯಾಸ ಅಂತ ಅವಳ ಬೆರಳೇ ತೋರಿಸಿತು. ಹೊರಗೆ ಮೆತ್ತಗೆ, ಒಳಗೆ ಅಕ್ಕಿ ನುಚ್ಚಿನಷ್ಟು ಬಿಳಿ ಗಟ್ಟಿ. ನಮ್ಮ ಬೋರಿನ ನೀರು ಗಡಸು. ಸುಣ್ಣದ ಅಂಶ ಜಾಸ್ತಿ ಇರುವ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ. ನನಗೆ ಅವಸರ, ಬೆಲ್ಲ ಹಾಕಿ ಇನ್ನಷ್ಟು ಕುದಿಸಿದರೆ ಬೆಂದೀತು ಅಂದುಕೊಂಡೆ. ಅದು ಎರಡನೆಯ ತಪ್ಪು. ಬೆಲ್ಲ ಬಿದ್ದ ಮೇಲೆ ಬೇಳೆ ಬೇಯುವುದು ನಿಂತೇಹೋಗುತ್ತದೆ. ಸಕ್ಕರೆ ಇರುವ ನೀರಿನಲ್ಲಿ ಕಾಳು ಬಿಗಿಯುತ್ತದೆ, ಬೆಲ್ಲದಲ್ಲಿರುವ ಸುಣ್ಣದ ಅಂಶವೂ ಅದಕ್ಕೆ ಕೈಜೋಡಿಸುತ್ತದೆ. ಮುಕ್ಕಾಲು ತಾಸು ಕುದಿಸಿದರೂ ಆ ಬಿಳಿ ನುಚ್ಚು ಹಾಗೇ ಇತ್ತು.

ಯಂತ್ರಕ್ಕೆ ಹಾಕಿ ತಿರುಗಿಸಿದೆ. ಅಂಚಿನಲ್ಲಿ ಚೆನ್ನಾಗಿ ಇಳಿಯಿತು. ನಡುವೆ ದಂಡದ ಸುತ್ತ ಒಂದು ಅಂಗೈ ಅಗಲ ಬೇಳೆ ಹಾಗೇ ಸುತ್ತುತ್ತಿತ್ತು. ಚಮಚದಿಂದ ಅಂಚಿಗೆ ತಳ್ಳುತ್ತೇನೆ, ಮತ್ತೆ ನಡುವೆ ಬರುತ್ತದೆ. 40 ನಿಮಿಷ ಬೇಕಾಯಿತು, ಅದೂ ಪೂರ್ತಿ ಆಗಲಿಲ್ಲ. ಉಳಿದದ್ದನ್ನು ಕೈಯಿಂದ ಹಿಸುಕಿ ಸೇರಿಸಿದೆ. ಆ ಕೈಹಿಸುಕಿನಲ್ಲೇ ಗಟ್ಟಿ ನುಚ್ಚುಗಳು ಹೂರಣಕ್ಕೆ ಬಂದವು. ಲಟ್ಟಿಸುವಾಗ ಒಂದೊಂದು ನುಚ್ಚೂ ಒಂದೊಂದು ತೂತು. ಹತ್ತು ಹೋಳಿಗೆ ಮಾಡಿದೆ, ಎಂಟು ಹರಿದವು.

ಚಿಗವ್ವ ಬಾಗಿಲಲ್ಲಿ ನಿಂತು ನೋಡಿದಳು. "ಕಾರ ಹುಣ್ಣಿವಿಗಿ ಕರಿ ಹರಿಬೇಕೋ ತಮ್ಮಾ, ಹೋಳಿಗಿ ಅಲ್ಲ." ಕರಿ ಅಂದರೆ ಆ ದಿನ ಎತ್ತುಗಳನ್ನು ಓಡಿಸಿ ಹರಿಯುವ ತೋರಣ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ರಾತ್ರಿ ಯಂತ್ರ ತೊಳೆದು ಮತ್ತೆ ಬಿಚ್ಚಿದೆ. ಜಾಳಿಗೆಯ ಮೇಲೆ ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟೆ. ಅಲ್ಲಿತ್ತು ರೋಗ. ಅಂಚಿಗೆ ಸ್ಕೇಲ್ ತಾಗಿದೆ, ನಡುವೆ ಬೆಳಕು ಕಾಣುತ್ತಿದೆ. ಇಷ್ಟು ವರ್ಷದ ಒತ್ತಡಕ್ಕೆ ಜಾಳಿಗೆ ನಡುವೆ ತಗ್ಗಾಗಿ ತಟ್ಟೆಯ ಹಾಗೆ ಬಾಗಿದೆ. ಪಟ್ಟಿ ನೆಟ್ಟಗಿದೆ. ಹಾಗಾಗಿ ಅಂಚಿನಲ್ಲಿ ಮಾತ್ರ ತಾಗುತ್ತದೆ, ನಡುವೆ ಎರಡು ಮಿಲಿಮೀಟರ್ ಖಾಲಿ. ವಾಯ್ಸರ್ ಎಷ್ಟು ಹಾಕಿದರೂ ಇದು ಸರಿಹೋಗುವುದಿಲ್ಲ. ಬಟಾಟೆ ಮೆತ್ತಗಿದ್ದದ್ದಕ್ಕೆ ಆ ಸಂದಿಯಲ್ಲೂ ಇಳಿದಿತ್ತು. ಪಂಪ್ ರಿಪೇರಿ ಮಾಡಿ ಬಕೆಟ್ ನೀರಿನಲ್ಲಿ ಓಡಿಸಿ, ಸರಿ ಇದೆ ಅಂತ ಕಳಿಸಿದ ಹಾಗಾಯಿತು. ಬಾವಿಗೆ ಇಳಿಸಿದಾಗ ತಾನೇ ಗೊತ್ತಾಗುವುದು. ಯಂತ್ರದ ಪರೀಕ್ಷೆಗೆ ಬೇಳೆಯನ್ನೇ ಹಾಕಬೇಕಿತ್ತು.

ಜಾಳಿಗೆ ನೆಟ್ಟಗೆ ಮಾಡುವ ಕೆಲಸವನ್ನು ಕಲಾಯಿಗೆ ಮೊದಲೇ ಮುಗಿಸಬೇಕಿತ್ತು, ಆ ಕ್ರಮವೂ ತಪ್ಪಿತ್ತು. ಆದದ್ದಾಯಿತು. ಜಾಳಿಗೆಯನ್ನು ಬೋರಲು ಹಾಕಿ ಮಡಚಿದ ಗೋಣಿಚೀಲದ ಮೇಲೆ ಇಟ್ಟೆ. ಉಬ್ಬಿದ ಭಾಗದ ಮೇಲೆ ಸಾಗವಾನಿಯ ತುಂಡು, ಅದರ ಮೇಲೆ ಮರದ ಸುತ್ತಿಗೆಯಿಂದ ಮೆಲ್ಲಗೆ ಏಟು. ನಡುವಿನಿಂದ ಶುರುಮಾಡಿ ಸುತ್ತುತ್ತಾ ಹೊರಗೆ ಬಂದೆ. ಹಿತ್ತಾಳೆ ಸ್ವಲ್ಪ ವಾಪಸ್ ಬಾಗುತ್ತದೆ, ಅದಕ್ಕೇ ಗೋಣಿಚೀಲ. ಗಟ್ಟಿ ಹಲಗೆಯ ಮೇಲೆ ಹೊಡೆದಿದ್ದರೆ ನೆಟ್ಟಗಾದ ಕೂಡಲೇ ನಿಂತು ಮತ್ತೆ ಬಾಗುತ್ತಿತ್ತು. ಕಬ್ಬಿಣದ ಸುತ್ತಿಗೆ ಮುಟ್ಟಲೇಬಾರದು, ತೂತಿನ ಅಂಚು ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಹತ್ತು ಸಲ ಸ್ಕೇಲ್ ಇಟ್ಟು ನೋಡಿದೆ. ಕಲಾಯಿಗೆ ಏನೂ ಆಗಲಿಲ್ಲ, ತವರವೂ ಜೊತೆಗೇ ಬಾಗಿತು. ಕೊನೆಗೆ ಒಂದು ವಾಯ್ಸರ್ ತೆಗೆದೆ, ಎರಡು ಬೇಕಿರಲಿಲ್ಲ.

ಯಂತ್ರ ಸರಿಯಾಯಿತು. ಆದರೂ ಎರಡನೆಯ ಪ್ರಯೋಗದಲ್ಲಿ ಮತ್ತೆ ಹರಿಯಿತು! ಹೂರಣ ಈ ಸಲ ಮೆತ್ತಗೆ, ಒಂದು ನುಚ್ಚೂ ಇಲ್ಲ. ಆದರೆ ಹರಿಯುವ ರೀತಿ ಬೇರೆ. ತೂತು ಬೀಳುತ್ತಿಲ್ಲ, ಅಂಚಿನಲ್ಲಿ ಒಡೆಯುತ್ತಿದೆ. ಉಂಡೆಯ ನಡುವೆ ಹೂರಣ ಗುಡ್ಡೆಯಾಗಿ ಕೂತಿರುತ್ತದೆ, ಕಣಕ ಮಾತ್ರ ಹರಡಿಕೊಂಡು ಹೊರಗೆ ಓಡುತ್ತದೆ. ಅಂಚಿಗೆ ಬರೀ ಚಪಾತಿ, ನಡುವೆ ಸಿಹಿ ಇಟ್ಟಿಗೆ.

ಇಲ್ಲಿ ನನ್ನ ಕೈಚಳಕದ ಮಾತು ಪಕ್ಕಕ್ಕಿಟ್ಟು ಅಳೆದು ನೋಡೋಣ ಅನ್ನಿಸಿತು. 30 ಗ್ರಾಂನ ಒಂದು ಹೂರಣದ ಉಂಡೆ, 30 ಗ್ರಾಂನ ಒಂದು ಕಣಕದ ಉಂಡೆ. ಎರಡನ್ನೂ ಎಣ್ಣೆ ಸವರಿದ ಪರಾತದಲ್ಲಿ ಇಟ್ಟೆ. ಒಂದೊಂದರ ಮೇಲೂ ಸ್ಟೀಲ್ ತಟ್ಟೆ ಮುಚ್ಚಿ ಒಂದು ಕಿಲೋದ ತೂಕದ ಬಟ್ಟು ಇಟ್ಟೆ. ಒಂದು ನಿಮಿಷ ಬಿಟ್ಟು ಅಳೆದೆ. ಕಣಕ ಆರು ಸೆಂಟಿಮೀಟರ್ ಹರಡಿತ್ತು. ಹೂರಣ ನಾಲ್ಕೂವರೆ, ಮೇಲಾಗಿ ಅಂಚೆಲ್ಲಾ ಬಿರುಕು. ಯುಗಾದಿಯ ಮಿಕ್ಸರ್ ಹೂರಣದ ಕಥೆ ತಿರುಗಾಮುರುಗಾ ಇದ್ದಿರಬೇಕು. ಅಲ್ಲಿ ಹೂರಣ ನೀರಾಗಿ ಮುಂದೆ ಓಡಿತ್ತು, ಗಟ್ಟಿ ಕಣಕ ಹಿಂದೆ ಬಿದ್ದಿತ್ತು. ಲಟ್ಟಣಿಗೆಯ ಕೆಳಗೆ ಎರಡೂ ಒಂದೇ ವೇಗದಲ್ಲಿ ಹರಡದಿದ್ದರೆ ಕೈ ಎಷ್ಟೇ ಹಗುರ ಇದ್ದರೂ ಹೋಳಿಗೆ ಹರಿಯಲೇಬೇಕು.

ಅವ್ವನಿಗೆ ತೋರಿಸಿದೆ. ಬಟ್ಟು, ತಟ್ಟೆ, ಸ್ಕೇಲ್ ಎಲ್ಲ ನೋಡಿದಳು. ಎಡಗೈಯಲ್ಲಿ ಹೂರಣ, ಬಲಗೈಯಲ್ಲಿ ಕಣಕ ಹಿಡಿದು ಒಮ್ಮೆ ಹಿಚುಕಿದಳು. "ಹೂರ್ಣ ಬಿರಸಾಗೈತಿ. ಇಷ್ಟಕ್ಕ ತಕ್ಕಡಿ ಯಾಕೋ?" ಅಂದಳು.

ಬಿರುಸಾದದ್ದು ಯಾಕೆ ಅಂತಲೂ ಅವಳೇ ಹೇಳಿದಳು. ಬೆಲ್ಲ ಹಾಕಿದ ಮೇಲೆ ಹೂರಣ ನೀರೊಡೆಯುತ್ತದೆ, ಆಮೇಲೆ ಮತ್ತೆ ಗಟ್ಟಿಯಾಗುತ್ತದೆ. ನಡುವೆ ಸೌಟು ನೆಟ್ಟರೆ ಬೀಳದೆ ನಿಲ್ಲಬೇಕು, ಅಲ್ಲಿಗೆ ಒಲೆ ಆರಿಸಬೇಕು. ನಾನು ಸಡಿಲಾಗಬಾರದು ಅನ್ನೋ ಹೆದರಿಕೆಗೆ ಇನ್ನೂ ಹತ್ತು ನಿಮಿಷ ಕೆದಕಿದ್ದೆ. ಬಿಸಿಯಲ್ಲಿ ಸರಿ ಕಂಡ ಹೂರಣ ಆರಿದ ಮೇಲೆ ಇನ್ನೂ ಬಿಗಿಯುತ್ತದೆ. ಅದಕ್ಕೇ ಯಂತ್ರಕ್ಕೂ ಬಿಸಿ ಇರುವಾಗಲೇ ಹಾಕಬೇಕು. ಬಿರುಸಾದದ್ದಕ್ಕೆ ಮದ್ದು ಇದೆ. ಎರಡು ಚಮಚ ಕಾದ ಹಾಲು ಚಿಮುಕಿಸಿ ಮಿದಿ ಅಂದಳು. ಸಡಿಲಾದದ್ದಕ್ಕೆ ಮತ್ತೆ ಒಲೆಯೇ ಗತಿ. ಮಳೆಗಾಲದ ಬೆಲ್ಲ ಗಾಳಿಯ ತೇವ ಎಳೆದುಕೊಂಡು ಮೊದಲೇ ಜಿನುಗುತ್ತಿರುತ್ತದೆ, ಆಗ ಇನ್ನೂ ನಾಲ್ಕು ನಿಮಿಷ ಜಾಸ್ತಿ ಬೇಕು. ನಾವು ತರುವುದು ಕೊಲ್ಲಾಪುರದ ಬೆಲ್ಲ. ಗಟ್ಟಿ ಪೆಂಟೆ ಸಿಕ್ಕರೆ ಒಳ್ಳೆಯದು.

ಕಣಕದ ಕಡೆಯೂ ಒಂದು ದಾರಿ ತಪ್ಪಿದೆ. ಹೋಳಿಗೆಗೆ ಖಪ್ಲಿ ಗೋಧಿಯೇ ರುಚಿ ಅಂತ ಯಾರೋ ಹೇಳಿದರು. ನಮ್ಮ ಕಡೆ ಜವೆ ಗೋಧಿ ಅನ್ನುತ್ತೇವೆ, ಹುಗ್ಗಿಗೆ ಅದಕ್ಕೆ ಸಾಟಿ ಇಲ್ಲ. ಎರಡು ಕಿಲೋ ಬೀಸಿಸಿ ತಂದೆ. ಕಣಕ ಕಲಸಿ ಎಳೆದರೆ ಎಳೆಯೇ ಬರುವುದಿಲ್ಲ, ಮಣ್ಣಿನ ಹಾಗೆ ತುಂಡಾಗುತ್ತದೆ. ಗೋಧಿಯ ಜಿಗುಟು ಅದರಲ್ಲಿ ದುರ್ಬಲ. ರುಚಿ ನಿಜ, ಆದರೆ ನನ್ನಂಥ ಹೊಸ ಕೈಗೆ ಅದು ಆಗುವ ಮಾತಲ್ಲ. ಉಳಿದ ಹಿಟ್ಟು ಚಪಾತಿಗೆ ಹೋಯಿತು, ಮನೆಯವರು ಒಂದು ವಾರ ಬೈದುಕೊಂಡು ತಿಂದರು. ವಾಪಸ್ ಲೋಕವನ್‌ಗೆ ಬಂದೆ. ನಮ್ಮ ಪೇಟೆಯಲ್ಲಿ ಎಲ್ಲೆಲ್ಲೂ ಸಿಗುವ ಗೋಧಿ. ಹೆಸರು ಕೇಳಿದರೆ ಯಾವುದೋ ಊರು ಅನ್ನಿಸುತ್ತದೆ. ಅಸಲಿಗೆ ಅದು ಲೋಕ್-1, ಗುಜರಾತಿನ ಸಣೋಸರಾದ ಲೋಕಭಾರತಿ ಸಂಸ್ಥೆಯಲ್ಲಿ ಬಂದ ತಳಿ. ಒಂದನ್ನು ಇಂಗ್ಲಿಷಿನಲ್ಲಿ ವನ್ ಅಂತ ಓದಿ, ಜನರ ಬಾಯಲ್ಲಿ ಲೋಕವನ್ ಆಗಿದೆ.

ಹಿಟ್ಟನ್ನು ಅವ್ವನ ಹಳೆ ಕಾಟನ್ ಸೀರೆಯ ತುಂಡಿನಲ್ಲಿ ಸೋಸಿದೆ. ಮರಾಠಿಯವರು ಇದಕ್ಕೆ ವಸ್ತ್ರಗಾಳ ಅನ್ನುತ್ತಾರೆ. ತವುಡಿನ ಚೂರುಗಳು ಕಣಕದ ಎಳೆಯನ್ನು ಕತ್ತರಿಸುತ್ತವೆ, ಅವನ್ನು ತೆಗೆದರೆ ಅರ್ಧ ಗೆದ್ದ ಹಾಗೆ. ಮೈದಾ ಹಾಕಿದರೆ ಇನ್ನೂ ಸುಲಭ. ಅವ್ವ ಒಪ್ಪಲಿಲ್ಲ. ತಣ್ಣಗಾದ ಮೇಲೆ ಮೈದಾ ಹೋಳಿಗೆ ತೊಗಲಾಗುತ್ತದೆ ಅನ್ನುವುದು ಅವಳ ತಕರಾರು, ಅದು ನನಗೂ ಸರಿ ಅನ್ನಿಸುತ್ತದೆ.

ಹುಣ್ಣಿಮೆಯ ಹಿಂದಿನ ರಾತ್ರಿ 500 ಗ್ರಾಂ ಬೇಳೆ ನೆನೆಹಾಕಿದೆ, ಕುಡಿಯಲು ತರುವ ಕ್ಯಾನಿನ ನೀರಿನಲ್ಲಿ. ಬೆಳಿಗ್ಗೆ ಕುಕ್ಕರ್ ಬಿಟ್ಟು ಬೋಗುಣಿಯಲ್ಲೇ ಕುದಿಸಿದೆ. ಚಿಟಿಕೆ ಅರಿಸಿನ, ಒಂದು ಚಮಚ ಎಣ್ಣೆ. ಕಾಳು ಹಿಚುಕಿದರೆ ಹಿಟ್ಟಾಗಬೇಕು, ಆದರೆ ಬೋಗುಣಿಯಲ್ಲಿ ಆಕಾರ ಉಳಿಸಿಕೊಂಡಿರಬೇಕು. ಆ ಹದಕ್ಕೆ ಬಂದ ಮೇಲೆ ಕಟ್ಟು ಬಸಿದೆ. ಕಟ್ಟಿನ ಸಾರಿನ ಜವಾಬ್ದಾರಿ ಹೆಂಡತಿಯದು. ಅದರ ಬಗ್ಗೆ ಬರೆದರೆ ಇನ್ನೊಂದು ಕಥೆಯಾಗುತ್ತದೆ. ಬೇಳೆಯನ್ನು ಹತ್ತು ನಿಮಿಷ ಜಾಳಿಗೆ ಬುಟ್ಟಿಯಲ್ಲೇ ಬಿಟ್ಟೆ, ನೀರು ಪೂರ್ತಿ ಇಳಿಯಲಿ ಅಂತ. ಆಮೇಲೆ 450 ಗ್ರಾಂ ಬೆಲ್ಲ. ಸೌಟು ನಿಂತಿತು, ಒಲೆ ಆರಿಸಿದೆ. ಏಲಕ್ಕಿ, ಸ್ವಲ್ಪ ಜಾಜಿಕಾಯಿ.

ಬಿಸಿ ಬಿಸಿಯೇ ಯಂತ್ರಕ್ಕೆ. ಹನ್ನೆರಡು ನಿಮಿಷ! ನಡುವೆ ಏನೂ ಉಳಿಯಲಿಲ್ಲ. ಮೇಲೆ ಉಳಿದದ್ದು ಒಂದು ಚಮಚ ಸಿಪ್ಪೆ, ಬೆಲ್ಲದ ಒಂದೆರಡು ಕಸ. ಹಿಡಿಕೆ ತಿರುಗಿಸು ಅಂತ ಅವ್ವನ ಕೈಗೆ ಕೊಟ್ಟೆ. ಎರಡು ಸುತ್ತು ತಿರುಗಿಸಿದಳು. "ಹಗುರಾಗೈತಿ" ಅಂದಳು. ಅಷ್ಟೇ. ನನಗೆ ಅದು ಸಾಕಾಗಿತ್ತು.

ಕಣಕ ಬೆಳಿಗ್ಗೆ ಬೇಗ ಕಲಸಿಟ್ಟಿದ್ದೆ. 450 ಗ್ರಾಂ ಹಿಟ್ಟಿಗೆ 300 ಮಿಲಿಲೀಟರ್ ನೀರು, ಉಪ್ಪು, ನಾಲ್ಕು ಚಮಚ ಎಣ್ಣೆ. ಮೊದಲು ಅಂಟಂಟಾಗಿರುತ್ತದೆ, ಹೆದರಿ ಹಿಟ್ಟು ಸೇರಿಸಬಾರದು. ಎಣ್ಣೆ ಕೈ ಮಾಡಿಕೊಂಡು ಪರಾತಕ್ಕೆ ಎತ್ತಿ ಎತ್ತಿ ಬಡಿಯಬೇಕು. ಹತ್ತು ನಿಮಿಷ ಬಡಿದ ಮೇಲೆ ತಾನೇ ಕೈ ಬಿಡುತ್ತದೆ. ಆಮೇಲೆ ಎರಡು ತಾಸು ಒದ್ದೆ ಬಟ್ಟೆ ಮುಚ್ಚಿಡಬೇಕು. ನೆನೆಯದ ಕಣಕ ರಬ್ಬರ್ ಇದ್ದ ಹಾಗೆ, ಲಟ್ಟಿಸಿದಷ್ಟೂ ವಾಪಸ್ ಓಡುತ್ತದೆ. ಬಟ್ಟಿನ ಪರೀಕ್ಷೆ ಮತ್ತೆ ಮಾಡಿದೆ, ಅವ್ವ ಒಳಗೆ ಹೋದಾಗ. ಎರಡೂ ಆರು ಸೆಂಟಿಮೀಟರಿನ ಆಸುಪಾಸು.

ಹೂರಣ 1,350 ಗ್ರಾಂ ತೂಗಿತು. 60 ಗ್ರಾಂಗೆ ಒಂದರಂತೆ 22 ಉಂಡೆ. ಕಣಕ 35 ಗ್ರಾಂ. ಕಣಕವನ್ನು ಅಂಗೈಯಲ್ಲಿ ಬಟ್ಟಲು ಮಾಡುವಾಗ ನಡುವೆ ದಪ್ಪ ಬಿಟ್ಟು ಅಂಚು ತೆಳ್ಳಗೆ ಮಾಡಬೇಕು. ಯಾಕೆಂದರೆ ಬಾಯಿ ಕೂಡಿಸಿದಾಗ ಅಂಚೆಲ್ಲಾ ಒಂದೇ ಕಡೆ ಬಂದು ಸೇರುತ್ತದೆ. ನಾನು ಮೊದಲು ಸಮ ದಪ್ಪ ಮಾಡುತ್ತಿದ್ದೆ. ಒಂದು ಕಡೆ ಗಂಟು, ಇನ್ನೊಂದು ಕಡೆ ಕಾಗದ. ಬಾಯಿ ಕೂಡಿಸಿದ ಕಡೆ ಮೇಲೆ ಮಾಡಿ, ಬೆರಳಿನಿಂದ ತಟ್ಟಿ ಅಂಗೈ ಅಗಲ ಮಾಡಿಕೊಂಡೆ. ಲಟ್ಟಣಿಗೆ ಆಮೇಲೆ.

ಕೆಳಗೆ ಉದುರಿಸಲು ಅಕ್ಕಿ ಹಿಟ್ಟು. ಅದರಲ್ಲಿ ಜಿಗುಟಿಲ್ಲ, ಕಣಕಕ್ಕೆ ಸೇರಿಕೊಳ್ಳದೆ ಜಾರುತ್ತದೆ. ಲಟ್ಟಣಿಗೆಯನ್ನು ನಡುವಿನಿಂದ ಅಂಚಿಗೆ ಓಡಿಸಬೇಕು, ಅಂಚು ದಾಟಿಸಬಾರದು. ನಾನು ಅಭ್ಯಾಸಬಲದಿಂದ ಒತ್ತುತ್ತಿದ್ದೆ. "ಒತ್ತಬ್ಯಾಡ. ಅದರ ಭಾರಕ್ಕ ಅದು ಓಡ್ಲಿ" ಅಂತ ಕುರ್ಚಿಯಿಂದ ಮಾತು ಬಂತು. ಎಂಟು ಇಂಚು ಅಗಲ ಆಯಿತು. ಅಂಚಿನವರೆಗೂ ಹಳದಿ ಹೂರಣ ಮಬ್ಬಾಗಿ ಕಾಣುತ್ತಿತ್ತು. ಆ ನೋಟಕ್ಕೆ ಮೂರು ವಾರ ಕಾದಿದ್ದೆ.

ಎತ್ತಿ ಹಂಚಿಗೆ ಹಾಕುವುದೇ ಭಯ. ಲಟ್ಟಣಿಗೆಗೆ ಅರ್ಧ ಸುತ್ತಿಕೊಂಡು ಹೋಗಿ ಹಂಚಿನ ಮೇಲೆ ಬಿಚ್ಚಿದೆ. ಕಬ್ಬಿಣದ ಹಂಚು, ನಡು ಉರಿ. ಉರಿ ಸಣ್ಣದಾದರೆ ಹೋಳಿಗೆ ಒಣಗಿ ಗಟ್ಟಿಯಾಗುತ್ತದೆ, ದೊಡ್ಡದಾದರೆ ಹೊರಗೆ ಸುಟ್ಟು ಒಳಗೆ ಹಸಿ. ಮೇಲೆ ಗುಳ್ಳೆ ಕಂಡಾಗ ಸಟ್ಟುಗದಿಂದ ತಿರುವಿ ಹಾಕಿದೆ, ಒಂದೇ ಸಲ. ತುಪ್ಪ ಎರಡನೆಯ ಬದಿ ಬೆಂದ ಮೇಲೆ. ಅದು ಉಬ್ಬಿತು! ಹೂರಣದ ಮೇಲೂ ಕೆಳಗೂ ಪದರ ಬಿಟ್ಟು, ಪೂರ್ತಿ ದುಂಡಗೆ. ಪ್ರತಿ ಹೋಳಿಗೆ ತೆಗೆದ ಮೇಲೆ ಹಂಚನ್ನು ಒಣ ಬಟ್ಟೆಯಿಂದ ಒರೆಸಬೇಕು. ಉಳಿದ ಅಕ್ಕಿ ಹಿಟ್ಟು ಕರಕಾಗಿ ಮುಂದಿನದಕ್ಕೆ ಕಪ್ಪು ಚುಕ್ಕೆ ಹಚ್ಚುತ್ತದೆ. ಯುಗಾದಿಯಲ್ಲಿ ನಾವು ಇದನ್ನೂ ಮಾಡಿರಲಿಲ್ಲ.

22ರಲ್ಲಿ ಎರಡು ಹರಿದವು. ಒಂದು ಮಗಳು ಲಟ್ಟಿಸಿದ್ದು, ಅದು ಅವಳ ಲೆಕ್ಕಕ್ಕೆ. ಇನ್ನೊಂದು ನನ್ನದು, ಫೋನ್ ಬಂತು ಅಂತ ಎಡಗೈಯಲ್ಲಿ ಲಟ್ಟಿಸಿದೆ.

ಶೇಂಗಾ ಹೋಳಿಗೆಗೆ ಇಷ್ಟೆಲ್ಲ ಪಾಡು ಇಲ್ಲ ಅಂತ ಹೇಳುವವರು ಇದ್ದಾರೆ. ನಿಜ. ಹುರಿದ ಶೇಂಗಾ ಪುಡಿ, ಬೆಲ್ಲ, ಎಳ್ಳು ಹಾಕಿದ ಒಣ ಹೂರಣ ಅದು, ವಾರಗಟ್ಟಲೆ ಇರುತ್ತದೆ, ಯಂತ್ರವೂ ಬೇಡ. ಅಲ್ಲಿ ಒಂದೇ ಎಚ್ಚರ. ಮಿಕ್ಸರ್ ತಡೆತಡೆದು ಒತ್ತಬೇಕು, ಒಂದೇ ಸಮನೆ ಓಡಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಆದರೆ ಕಾರ ಹುಣ್ಣಿಮೆಗೆ ನಮ್ಮ ಮನೆಯಲ್ಲಿ ಬೇಳೆಯ ಹೋಳಿಗೆಯೇ ಆಗಬೇಕು. ಎತ್ತುಗಳಿಗೂ ಅದನ್ನೇ ತಿನ್ನಿಸುವುದು. ನಮ್ಮಲ್ಲಿ ಈಗ ಎತ್ತು ಇಲ್ಲ. ಹಿಂದಿನ ಓಣಿಯವರ ಜೋಡಿ ಕೊಂಬಿಗೆ ಬಣ್ಣ ಹಚ್ಚಿಕೊಂಡು ಬಾಗಿಲ ಮುಂದೆ ಬಂದಾಗ ಎರಡು ಹೋಳಿಗೆ ಕೊಟ್ಟೆವು. ಹರಿದ ಎರಡನ್ನೇ ಕೊಡೋಣ ಅಂತ ನಾನು ಅಂದೆ. ಅವ್ವ ಬೈದು ಮೇಲಿನ ಎರಡು ತೆಗೆದುಕೊಟ್ಟಳು.

ಉಳಿದ ಕಣಕ 20 ಗ್ರಾಂ ಇತ್ತು. ಅದಕ್ಕೆ ಹಸಿಮೆಣಸಿನಕಾಯಿ, ಉಪ್ಪು ಹಾಕಿದ ಬಟಾಟೆ ತುಂಬಿ ಪುಟ್ಟ ಪರಾಠ ಮಾಡಿದೆ, ಬಟಾಟೆಯ ಸೇಡು ತೀರಿಸಿಕೊಳ್ಳಲು. ಅದೂ ಹರಿಯಲಿಲ್ಲ.

ಊಟ ಆದ ಮೇಲೆ ಯಂತ್ರವನ್ನು ನಾಳೆ ತೊಳೆದರಾಯಿತು ಅಂತ ನೀರಿನಲ್ಲಿ ಬಿಟ್ಟು ಮಲಗಲು ಹೊರಟೆ. "ಏಳೋ, ಈಗ ತೊಳಿ. ಜಾಳಗ್ಯಾಗ ಒಣಗಿದ್ರ ದಬ್ಬಣ ತಗೊಂಡು ಕೂಡಬೇಕಾಗ್ತದ." ಎದ್ದು ತೊಳೆದೆ. ಒರೆಸಿ, ಮಿಕ್ಕ ಒಂದು ವಾಯ್ಸರನ್ನು ದಾರದಿಂದ ಹಿಡಿಕೆಗೆ ಕಟ್ಟಿದೆ. ಅಪ್ಪನ ಸುತಳಿಯನ್ನು ಎಸೆಯಲು ಹೋದರೆ ಅವ್ವ ಅದನ್ನೂ ಚಾದರಿನೊಳಗೆ ಇಡು ಅಂದಳು.

ಮರುದಿನ ಬೆಳಿಗ್ಗೆ ಚಿಗವ್ವ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು. ಒಳಗೆ ಅವಳ ಪುರಣ ಯಂತ್ರ. ಸ್ಟೀಲಿನದು, ಹಿಡಿಕೆಯೇ ಇಲ್ಲ. ಈಗ ಅದು ನನ್ನ ಟೇಬಲ್ ಮೇಲೆ ಎರಡು ಪಂಪ್ ಮೋಟರುಗಳ ನಡುವೆ ಕೂತಿದೆ.